ರಾಕ್ ಸಂಗೀತಕ್ಕೂ ಒಂದು ಸಂಜೆ ಕೊಡಿ

ಮಾನ್ಯರೇ,

ನಮ್ಮ ಕಾಲೇಜು ದಿನಗಳಲ್ಲಿ ಕಲಬುರಗಿಯಲ್ಲಿ ರಾಕ್ ಕೇಳುವವರು ಬೆರಳೆಣಿಕೆಯಷ್ಟೇ. ಬೆಂಗಳೂರಿಗೆ ಹೋದವರು ಯಾರಾದರೂ ಕ್ಯಾಸೆಟ್ ತಂದರೆ ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದೆವು. ಟೇಪ್ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು. ಮನೆಯಲ್ಲಿ ‘ಏನ್ ಗದ್ದಲ ಅದು, ಬಂದ್ ಮಾಡು’ ಎಂಬ ಬೈಗುಳ. ಈಗ ನನ್ನ ಮಗಳು ಮೊಬೈಲಿನಲ್ಲಿ 1970ರ ದಶಕದ ಬ್ಯಾಂಡುಗಳನ್ನು ಹುಡುಕಿ ಕೇಳುತ್ತಾಳೆ. ಅವಳ ಗೆಳತಿಯರಿಗೆ ಅದು ಅಪ್ಪಂದಿರ ಕಾಲದ ಸಂಗೀತ. ನನಗಂತೂ ಇದರಲ್ಲಿ ಬೇಸರವಿಲ್ಲ, ಖುಷಿಯೇ ಜಾಸ್ತಿ.

ವಿದೇಶಿ ರಾಕ್ ಬ್ಯಾಂಡುಗಳಾದ ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ನುಡಿಸಿದವು. ರಘು ದೀಕ್ಷಿತ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್ ಹಿಡಿದು ಹಾಡಿ ಹೊಸ ಹುಡುಗರಿಗೆ ಮುಟ್ಟಿಸಿದರು. ಏಕತಾರಿಯಲ್ಲಿ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ ಹಾಡುವ ನಮ್ಮ ಭಾಗಕ್ಕೆ ರಾಕ್ ಹೊರಗಿನದು ಅನ್ನಿಸಲೇಬಾರದು, ಅಲ್ವಾ? ರಾಕ್ ಹಾಡುಗಳಲ್ಲಿರುವಂತೆ ಆ ಪದಗಳಲ್ಲೂ ಸಿಟ್ಟಿದೆ; ಜಾತಿಯ ಮೇಲೆ, ತೋರಿಕೆಯ ಭಕ್ತಿಯ ಮೇಲೆ ಎಂಥ ಸಿಟ್ಟಿದೆ!

ಆದರೆ ಇಲ್ಲಿನ ಹುಡುಗರಿಗೆ ನುಡಿಸಲು ಜಾಗವೇ ಇಲ್ಲ. ಕಳೆದ ತಿಂಗಳು ಒಂದು ಸಭಾಂಗಣದವರು ಆಟೋದಿಂದ ಡ್ರಮ್ಸ್ ಇಳಿಸಿದ್ದನ್ನು ನೋಡಿದ ಕೂಡಲೇ ಬುಕಿಂಗ್ ರದ್ದು ಮಾಡಿದರು. ಮದುವೆ ಮೆರವಣಿಗೆಯ ಡಿಜೆಗೆ ಇಲ್ಲದ ತಕರಾರು ಇವರಿಗೇಕೆ? ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ತಿಂಗಳಿಗೊಂದು ಸಂಜೆಯನ್ನು ಕಡಿಮೆ ಬಾಡಿಗೆಗೆ ಸ್ಥಳೀಯ ಬ್ಯಾಂಡುಗಳಿಗೆ ಮೀಸಲಿಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಮನಸ್ಸು ಮಾಡಿದರೆ ಮುಂದಿನ ತಿಂಗಳೇ ಶುರು ಮಾಡಬಹುದು.

– ಓದುಗರೊಬ್ಬರು, ಕಲಬುರಗಿ