4600 ಅಂತ ಬರೆದ ಸೆಲ್, ಒಳಗೆ 600 ಕೂಡ ಸರಿಯಾಗಿಲ್ಲ

ಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: ನಿಮ್ಮ ಆ್ಯಪ್‌ನಲ್ಲಿ ಕೊಂಡ ರೀಚಾರ್ಜೆಬಲ್ ಸೆಲ್‌ಗಳ ಬಗ್ಗೆ ಎರಡನೇ ಸಲ ದೂರು

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ನಾಲ್ಕು ಎಎ ಸೈಜಿನ ರೀಚಾರ್ಜೆಬಲ್ ಸೆಲ್, ಜೊತೆಗೊಂದು ಚಾರ್ಜರ್, ಎಲ್ಲಾ ಸೇರಿ 499 ರೂಪಾಯಿಗೆ ತರಿಸಿದೆ. ಪಕ್ಕದಲ್ಲೇ 1,999 ಅಂತ ಬರೆದು ಗೀಟು ಹೊಡೆದಿದ್ದಿರಿ. ಅಗ್ಗ ಅಂತಲೇ ತಗೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ರೇಟು ಕಡಿಮೆ ಇದ್ದರೆ ಲೇಬಲ್ ಮೇಲೆ ಏನು ಬೇಕಾದ್ರೂ ಬರೀಬಹುದು ಅಂತಲ್ಲ, ಅಲ್ವಾ?

ಮನೆಯಲ್ಲಿ ಅವ್ವನ ಬಿಪಿ ಮಷೀನಿಗೆ ನಾಲ್ಕು ಸೆಲ್ ಬೇಕು. 2019ರಲ್ಲಿ ಕೊಂಡ ಎನಿಲೂಪ್ ಬ್ರ್ಯಾಂಡಿನ ಬಿಳಿ ರೀಚಾರ್ಜೆಬಲ್ ಸೆಲ್ ನಾಲ್ಕಿದ್ದವು, 2000 ಎಂಎಎಚ್‌ನವು (ಸೆಲ್ ಎಷ್ಟು ಕರೆಂಟ್ ಹಿಡಿದಿಡುತ್ತದೆ ಅನ್ನೋ ಲೆಕ್ಕ ಅದು). ಅದರಲ್ಲಿ ಎರಡು ನನ್ನ ಅಳಿಯನ ಆಟದ ಕಾರಿನೊಳಗೆ ಕೂತು ಮುದ್ದೇಬಿಹಾಳಕ್ಕೆ ಹೋದವು, ವಾಪಸ್ ಬರಲಿಲ್ಲ. ಅದಕ್ಕೇ ಹೊಸವು ಹುಡುಕಿದ್ದು. ನಿಮ್ಮಲ್ಲಿ 4600 ಎಂಎಎಚ್ ಅಂತ ಕಂಡಿತು, ಹಳೆಯದಕ್ಕಿಂತ ಎರಡು ಪಟ್ಟು ಜಾಸ್ತಿ, ರೇಟು ಅರ್ಧ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಪ್ಯಾಕೆಟ್ ಮೇಲೆ 'ಚಾರ್ಜ್ ಆಗಿಯೇ ಬರುತ್ತದೆ' ಅಂತಿತ್ತು. ಹಾಕಿದರೆ ಮಷೀನ್ ಆನ್ ಕೂಡ ಆಗಲಿಲ್ಲ. ಸರಿ ಅಂತ ನಿಮ್ಮದೇ ಚಾರ್ಜರಿಗೆ ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಕೆಂಪು ಲೈಟು ಹಾಗೇ ಉರಿಯುತ್ತಿದೆ, ಸೆಲ್ ಮುಟ್ಟೋಕೆ ಆಗದಷ್ಟು ಬಿಸಿ. ತುಂಬಿದ ಮೇಲೆ ತಾನೇ ನಿಲ್ಲುವ ವ್ಯವಸ್ಥೆ ಅದರಲ್ಲಿ ಇಲ್ಲವೇ ಇಲ್ಲ. ಏಪ್ರಿಲ್ ತಿಂಗಳ ವಿಜಯಪುರದ ಸೆಕೆಯಲ್ಲಿ ಇದನ್ನು ಪ್ಲಾಸ್ಟಿಕ್ ಟೇಬಲ್ ಮೇಲಿಟ್ಟು ಮಲಗಿದ್ದೆನಲ್ಲಾ ಅಂತ ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಮೂರು ದಿನಕ್ಕೆ ಮಷೀನ್ ಮತ್ತೆ ಎರರ್ ತೋರಿಸಿತು. "ನನಗಲ್ಲ, ಮಷೀನಿಗೇ ಬಿಪಿ ಬಂದೈತಿ" ಅಂತ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ನಮ್ಮ ಓಣಿಯ ಪತ್ತಾರರ ಅಂಗಡಿಗೆ ಹೋಗಿ ಬಂಗಾರ ತೂಗುವ ತಕ್ಕಡಿಯಲ್ಲಿ ಒಂದೊಂದೇ ಸೆಲ್ ತೂಗಿಸಿದೆ. ಹಳೆ ಸೆಲ್ 26 ಗ್ರಾಂ ಮೇಲೆ, ನಿಮ್ಮದು 14. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕರೆಂಟ್ ಹಿಡಿದಿಡುವ ಸರಕೇ ಒಳಗೆ ಅರ್ಧ ಇದ್ದರೆ ಎರಡು ಪಟ್ಟು ಎಂಎಎಚ್ ಎಲ್ಲಿಂದ ಬರಬೇಕು? ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಫ್ಲ್ಯಾಶಿಗೆ ದಿನಾ ಇಂಥವೇ ಸೆಲ್ ಬಳಸುತ್ತಾನೆ. ಅವನ ಹತ್ತಿರ ಪ್ರತಿ ಸೆಲ್ಲನ್ನೂ ಬೇರೆಬೇರೆ ಅಳೆದು ತೋರಿಸುವ ಚಾರ್ಜರ್ ಇದೆ. ನಾಲ್ಕು ಸಲ ತುಂಬಿಸಿ, ಖಾಲಿ ಮಾಡಿ ನೋಡಿದೆವು. ನಾಲ್ಕು ಸೆಲ್‌ಗೆ ಬಂದದ್ದು 590, 575, 610, ಇನ್ನೊಂದಕ್ಕೆ 480 ಎಂಎಎಚ್. ಈ ಸೈಜಿನ ರೀಚಾರ್ಜೆಬಲ್ ನಿಕಲ್ ಸೆಲ್‌ನಲ್ಲಿ ಒಳ್ಳೆ ಕಂಪನಿಯವರದೇ ಹೆಚ್ಚೆಂದರೆ 2500ರಿಂದ 2800ರ ಒಳಗೆ, ಅದಕ್ಕಿಂತ ಮೇಲೆ ಬರೆದಿದ್ದರೆ ಅದನ್ನು ಮುಟ್ಟಲೇಬೇಡ ಅಂದ. ಇದು ಅವನಿಗೆ ಗೊತ್ತು, ಮಾರುವ ನಿಮಗೆ ಗೊತ್ತಿಲ್ಲವೇ?

ಮೊದಲ ದೂರಿಗೆ ನಿಮ್ಮವರು ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ರೀಚಾರ್ಜೆಬಲ್ ಸೆಲ್ 1.2 ವೋಲ್ಟ್, ನಿಮ್ಮ ಮಷೀನಿಗೆ 1.5 ಬೇಕು, ಹಾಗಾಗಿ ತಪ್ಪು ನಿಮ್ಮದು ಅಂತ. ಸ್ವಾಮಿ, ಹಳೆ ಸೆಲ್‌ಗಳೂ 1.2 ವೋಲ್ಟಿನವೇ, ಅದೇ ಮಷೀನನ್ನು ಇಷ್ಟು ವರ್ಷ ನಡೆಸಿವೆ. ಮಾಮೂಲಿ ಸೆಲ್ 1.5ರಲ್ಲಿ ಶುರುವಾಗಿ ಬಳಸಿದಂತೆಲ್ಲ ಇಳಿಯುತ್ತಾ ಹೋಗುತ್ತದೆ, ಇವು ಹೆಚ್ಚುಕಡಿಮೆ ಕೊನೆವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಎರಡನೇ ಉತ್ತರ: ಏಳು ದಿನದ ವಾಪಸಾತಿ ಅವಧಿ ಮುಗಿದಿದೆ. ಸೆಲ್ ಸುಳ್ಳೋ ನಿಜವೋ ಅಂತ ನೋಡೋಕೆ ನಾಲ್ಕು ಸಲ ಚಾರ್ಜ್ ಮಾಡಲೇಬೇಕು, ಅಷ್ಟರಲ್ಲಿ ನಿಮ್ಮ ಏಳು ದಿನ ಮುಗಿದೇ ಹೋಗುತ್ತದೆ.

ಇನ್ನೊಂದು ಮಾತು. ಪ್ಯಾಕೆಟ್ ಮೇಲೆ ತಯಾರಾದ ತಿಂಗಳಿಲ್ಲ, ಆಮದು ಮಾಡಿದವರ ಹೆಸರಿಲ್ಲ, ಎಂಆರ್‌ಪಿ ಕೂಡ ಇಲ್ಲ. ಹಾಗಾದರೆ ಆ 1,999 ಎಲ್ಲಿಂದ ಬಂತು?

ನನಗೆ ಬೇಕಾದದ್ದು ಇಷ್ಟೇ. 499 ಪೂರ್ತಿ ವಾಪಸ್ ಕೊಡಿ, ಕೂಪನ್ ಬೇಡ. ಆ ಮಾಲನ್ನು ಆ್ಯಪ್‌ನಿಂದ ತೆಗೆಯಿರಿ, ನಿನ್ನೆ ರಾತ್ರಿ ಕೂಡ ಅದು 'ಜಾಸ್ತಿ ಮಾರಾಟ' ಅನ್ನೋ ಪಟ್ಟಿಯಲ್ಲಿತ್ತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂತು ಅಂತ 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನ ಮೊದಲ ದೂರಿಗೆ ಇವತ್ತಿಗೆ 12 ದಿನ. ಆಗದಿದ್ದರೆ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. ನಿಮ್ಮ ಆಫೀಸ್ ಯಾವ ಊರಲ್ಲೇ ಇರಲಿ, ನಾನಿರುವ ಊರಲ್ಲೇ ಕೇಸ್ ಹಾಕಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ.

ತಕ್ಕಡಿಯ ಫೋಟೋ, ಚಾರ್ಜರಿನ ಅಂಕಿಗಳ ಫೋಟೋ, ಬಿಲ್ಲು ಇದರ ಜೊತೆಗಿವೆ. ಸೆಲ್‌ಗಳನ್ನು ಕಸಕ್ಕೆ ಹಾಕಿಲ್ಲ, ಡಬ್ಬಿಯಲ್ಲಿ ಇಟ್ಟಿದ್ದೇನೆ. ಹುಡುಗನನ್ನು ಕಳಿಸಿದರೆ ಚಾರ್ಜರ್ ಸಮೇತ ಕೊಡುತ್ತೇನೆ. ಬೆಳಿಗ್ಗೆ ಹತ್ತರ ಮೇಲೆ ಬರಲಿ, ಅದಕ್ಕೂ ಮುಂಚೆ ಅವ್ವನ ಬಿಪಿ ನೋಡುವ ಹೊತ್ತು.

ಇಂತಿ,
ನಿಮ್ಮ ಗ್ರಾಹಕ
ವಿಜಯಪುರ