ಮಹಿಷಾಸುರನ ವೇಷ ಮಾಡಿದ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿ ಬರೆಯಲು ಹೋಗುವುದಿಲ್ಲ. ಅದೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. "ಅಬ್ಬರ ಕೊಡುವಾಗ ನಟನೆ ಅನಿಸಲೇ ಇಲ್ಲ ದೊಡ್ಡಮ್ಮ. ಆ ಸಿಟ್ಟು ನನ್ನದೇ. ಖುಷಿ ಬೇರೆ ಆಯಿತು. ನಾನು ಒಳಗೆ ಇಷ್ಟು ಕೆಟ್ಟವಳಾ?"

ನೀನು ಹೆದರಿದ್ದು ಸಿಟ್ಟಿಗಲ್ಲ, ಆ ಖುಷಿಗೆ. ಅಲ್ವಾ?

ಬೆಂಗಳೂರಿನಲ್ಲಿ ಹೆಂಗಸರ ತಂಡ ಕಟ್ಟಿಕೊಂಡು ಯಕ್ಷಗಾನ ಕಲಿಯುತ್ತಿದ್ದೀಯ ಅಂದಾಗ ನಿನಗೆ ಸ್ತ್ರೀವೇಷ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟದ್ದು ದೇವಿ ಮಹಾತ್ಮೆಯ ಮಹಿಷಾಸುರ. ಎರಡು ಕೋಡು, ದೊಂದಿ, ರಾಳದ ಬೆಂಕಿ, ಜನರ ನಡುವಿನಿಂದಲೇ ಕೂಗುತ್ತಾ ಬರುವ ಪ್ರವೇಶ. ಆ ಹೊತ್ತಿಗೆ ಎಷ್ಟು ಮಕ್ಕಳು ಅತ್ತು ತಾಯಂದಿರ ಸೆರಗು ಹಿಡಿದಿಲ್ಲ! ನಾನೂ ಹಿಡಿದವಳೇ. ಮನೆಯಲ್ಲಿ ಎಲ್ಲರೂ ಸಾಧು ಅನ್ನುವ ಹುಡುಗಿ ಅದನ್ನು ಮಾಡಿದ್ದಾಳೆ ಅಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮೂರಿನ ಗದ್ದೆಗೆ ಮೇಳ ಬಂದಾಗ ನಾನು ಅವರು ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ನಿಂತು ಇಣುಕುತ್ತಿದ್ದೆ. ಬಣ್ಣದ ವೇಷದವರೊಬ್ಬರು ಕನ್ನಡಿ ಎದುರು ಕೂತು ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಿದ್ದರು. ಆ ಚುಕ್ಕಿಗಳ ಚಿಟ್ಟಿ ಇಡಲು ಗಂಟೆಗಟ್ಟಲೆ ಬೇಕು, ನಿನಗೇ ಗೊತ್ತು. ಅಷ್ಟು ಹೊತ್ತು ತನ್ನ ಮುಖ ರಾಕ್ಷಸನ ಮುಖವಾಗುವುದನ್ನು ಆತ ತಾನೇ ನೋಡುತ್ತಿರಬೇಕು. ಬೆಳಿಗ್ಗೆ ಅದೇ ಮನುಷ್ಯ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದು, ನಮ್ಮ ಜಗಲಿಯಲ್ಲಿ ಗಂಜಿ ಉಂಡು, ಮೆಲ್ಲನೆ "ಉಪ್ಪಿನಕಾಯಿ ಚೆನ್ನಾಗಿತ್ತು ಅಮ್ಮ" ಅನ್ನುತ್ತಿದ್ದರು. ಅಷ್ಟು ಮೆತ್ತಗೆ ಮಾತಾಡುವವರನ್ನು ನಾನು ನೋಡಿದ್ದು ಕಡಿಮೆ. ರಾತ್ರಿಯದು ಸುಳ್ಳೋ, ಬೆಳಗಿನದು ಸುಳ್ಳೋ ಅಂತ ಆಗ ಯೋಚಿಸುತ್ತಿದ್ದೆ. ಎರಡೂ ಅವರೇ ಅಂತ ತಿಳಿಯಲು ನನಗೆ ತಲೆ ನೆರೆಯಬೇಕಾಯಿತು.

ನನ್ನದೊಂದು ವಿಷಯ ಹೇಳುತ್ತೇನೆ. ನಿನ್ನ ಅಮ್ಮ ಆಗ ಚಿಕ್ಕವಳು, ಅವಳಿಗೆ ನೆನಪಿರಲಿಕ್ಕಿಲ್ಲ. ಆಟಗಳ ಕಾಲ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಮ್ಮ ಜಗಲಿಯಲ್ಲಿ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಳೆ ನಡೆಯುತ್ತಿತ್ತು. ಒಂದು ರಾತ್ರಿ ಭೀಷ್ಮ ವಿಜಯ. ಹೊಳೆ ತುಂಬಿ ಅಂಬೆಯ ಅರ್ಥ, ಅಂದರೆ ಅವಳ ಮಾತು, ಹೇಳುವವರು ಬರಲಿಲ್ಲ. "ಇವಳಿಗೆ ಎಲ್ಲ ಬಾಯಿಗೆ ಬರುತ್ತದೆ" ಅಂತ ಯಾರೋ ತಮಾಷೆಗೆ ನನ್ನನ್ನು ಕೂರಿಸಿದರು. ಎದುರಿಗೆ ಭೀಷ್ಮನಾಗಿ ಅಪ್ಪ. ಶುರುವಿಗೆ ಗಂಟಲು ಒಣಗಿತ್ತು. ಆಮೇಲೆ ಏನಾಯಿತೋ. ನೀನೇ ಗೆದ್ದು ತಂದೆ, ನೀನೇ ಬೇಡ ಅಂದೆ, ಇನ್ನು ನಾನೆಲ್ಲಿಗೆ ಹೋಗಲಿ ಅಂತ ಕೇಳುವಾಗ ಸ್ವರ ನಡುಗಲಿಲ್ಲ. ಅಪ್ಪ ತಡವರಿಸಿದರು. ಊರಿಡೀ ಅಂಜುವ ಅಪ್ಪ! ನನಗೆ ಎಂಥ ಖುಷಿ ಅಂತೀಯ.

ಮರುದಿನ ಎಲ್ಲರೂ ಹೊಗಳಿದರು. ಯಾರೂ ಬೇಡ ಅನ್ನಲಿಲ್ಲ, ಪುಟ್ಟಿ. ಮುಂದಿನ ಕೂಟಕ್ಕೆ ಕರೆದಾಗ ತಲೆನೋವು ಅಂತ ನಾನೇ ಅಡುಗೆಮನೆ ಸೇರಿದೆ. ನಿನಗೆ ಹುಟ್ಟಿದ ಭಯವೇ ನನಗೂ ಹುಟ್ಟಿತ್ತು. ಆಮೇಲೆ ಒಮ್ಮೆಯೂ ಅರ್ಥ ಹೇಳಲಿಲ್ಲ.

ಆ ಅಂಬೆ ಎಲ್ಲಿಗೂ ಹೋಗಲಿಲ್ಲ. ನಿನ್ನ ದೊಡ್ಡಪ್ಪನ ಹತ್ತಿರ ವಾರಗಟ್ಟಲೆ ಮಾತು ಬಿಡುತ್ತಿದ್ದೆ. ಊರವರು ಅದನ್ನು ತಾಳ್ಮೆ ಅಂದರು. ಕೂಗಾಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಪಾಪ ಅವರಿಗೂ ಊಟ ರುಚಿಸುತ್ತಿತ್ತು. ಇನ್ನೊಂದು ಹೇಳಲೇ? ಲೀಲಾವತಿ ಬೈಪಾಡಿತ್ತಾಯರು ಮೇಳದಲ್ಲಿ ಗಂಡಸರ ನಡುವೆ ಕೂತು ಭಾಗವತಿಕೆ ಮಾಡುವುದನ್ನು, ಆಟ ನಡೆಸುವ ಹಾಡು ಹೇಳುವುದನ್ನು, ಮೊದಲು ಕೇಳಿದಾಗ ಎಲ್ಲರೂ ತಲೆದೂಗುತ್ತಿದ್ದರು. ನಾನು ಮಾತ್ರ "ಹೆಂಗಸರಿಗೆ ರಾತ್ರಿ ನಿದ್ದೆಗೆಟ್ಟು ಇದೆಲ್ಲ ಯಾಕೆ" ಅಂದೆ. ಅಷ್ಟು ಕಹಿ ಯಾಕೆ ಬಂತು ಅಂತ ಆಗ ತಿಳಿಯಲಿಲ್ಲ. ಅವರ ಜಾಗದಲ್ಲಿ ಕೂರುವ ಆಸೆ ನನಗಿತ್ತು, ಅಷ್ಟೇ.

ಕಾರ್ಲ್ ಯೂಂಗ್ ಅಂತ ಸ್ವಿಟ್ಜರ್ಲೆಂಡಿನ ಮನೋವೈದ್ಯ ಒಬ್ಬ ಇದ್ದ, 1875ರಲ್ಲಿ ಹುಟ್ಟಿದವ. ನಾವು "ಇದು ನಾನಲ್ಲ" ಅಂತ ಒಳಗೆ ತಳ್ಳಿದ್ದು ಬೇರೆಯವರ ಮುಖದಲ್ಲಿ ಕಂಡು ನಮ್ಮನ್ನು ಕೆರಳಿಸುತ್ತದೆ ಅಂತ ಅವನ ಮಾತು. ಓದಿದಾಗ ನನಗೆ ಆ ಭಾಗವತಿಕೆಯೇ ಕಣ್ಣ ಮುಂದೆ ಬಂತು. ಅವನು ಹೇಳಿದ್ದೆಲ್ಲ ನನಗೆ ಒಪ್ಪಿಗೆಯಿಲ್ಲ, ಕೆಲವು ಕಡೆ ತೀರಾ ಮೋಡದಲ್ಲಿ ತೇಲುತ್ತಾನೆ. ಆದರೆ 1913ರಿಂದ ಕೆಲವು ವರ್ಷ ಅವನು ತನ್ನ ಒಳಗಿನ ಭಯಂಕರ ಚಿತ್ರಗಳನ್ನು ಬೇಕೆಂದೇ ಬರಗೊಟ್ಟು, ಬರೆದು, ಬಣ್ಣ ಹಾಕಿ ಇಟ್ಟುಕೊಂಡ. ಹೆಂಡತಿ, ಮಕ್ಕಳು, ರೋಗಿಗಳು ಇದ್ದದ್ದರಿಂದ ಕಾಲು ನೆಲದಲ್ಲಿ ಉಳಿಯಿತು ಅಂತ ಆಮೇಲೆ ಹೇಳಿಕೊಂಡಿದ್ದಾನೆ. ಹಾಗಾಗಿ ಆಫೀಸು ಬಿಡಬೇಡ, ಊಟ ತಪ್ಪಿಸಬೇಡ. ಇಷ್ಟು ಸಣ್ಣ ಮಾತಿಗೆ ಅಷ್ಟು ದೊಡ್ಡ ಮನುಷ್ಯನನ್ನು ಕರೆತಂದೆ ಅಂತ ನಗಬೇಡ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಕೆಟ್ಟವಳಾ ಅಂತ ಕೇಳಿದ್ದೀಯ. ಆ ರಾತ್ರಿ ನೀನು ಯಾರಿಗೆ ನೋವು ಮಾಡಿದೆ? ಚೆಂಡೆ ಏರಿದಾಗ ಕೂಗಿದೆ, ದೇವಿಯ ಕೈಯಲ್ಲಿ ಸತ್ತೆ, ಚೌಕಿಗೆ ಬಂದೆ. ನಿನ್ನ ಸಿಟ್ಟಿಗೆ ಬರಲು ಒಂದು ದಾರಿ ಇತ್ತು, ಹೋಗಲೂ ಇತ್ತು. ಸಿಟ್ಟು ಇದೆ ಅಂತ ಗೊತ್ತಾದ ಮಾತ್ರಕ್ಕೆ ಅದು ಹೇಳಿದ್ದೆಲ್ಲ ಮಾಡಬೇಕಾಗಿಲ್ಲ. ಖುಷಿಯಾಗಿದ್ದು, ಇಷ್ಟು ವರ್ಷ ಮುಚ್ಚಿದ ಗಂಟಲು ತೆರೆದದ್ದಕ್ಕೆ ಅಂತ ನನಗನಿಸುತ್ತದೆ. ನನ್ನ ಲೆಕ್ಕ ತಪ್ಪಿರಲೂಬಹುದು.

ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಬಣ್ಣ ತೆಗೆಯಲು ಅವಸರ ಮಾಡಬೇಡ, ಸ್ವಲ್ಪ ಹೊತ್ತು ಕನ್ನಡಿ ಮುಂದೆ ಕೂತಿರು. ಆಟದ ರಾತ್ರಿ ಯಾರಿಗೂ ಫೋನು ಮಾಡಿ ಹಳೆಯ ಲೆಕ್ಕ ತೆಗೆಯಬೇಡ. ಆದರೆ ನೀನು ಮಾಡಿದ ಕೆಲಸಕ್ಕೆ ಇನ್ನೊಬ್ಬರು ಹೆಸರು ತಗೊಳ್ಳುತ್ತಾರೆ ಅಂತ ಅದೇ ಕಾಗದದಲ್ಲಿ ಬರೆದಿದ್ದೀಯಲ್ಲ, ಸುಮ್ನೆ ನಕ್ಕು ಬಂದೆ ಅಂತ? ಮುಂದಿನ ಸಲ ಅಲ್ಲೇ ಹೇಳು, "ಇದು ನಾನು ಮಾಡಿದ್ದು" ಅಂತ. ಕೂಗಬೇಕಾಗಿಲ್ಲ. ಹೆದರಿಕೆ ಹೋಗದೆ ನಿದ್ದೆ ಕೆಡುತ್ತಿದ್ದರೆ ಮನಸ್ಸಿನ ಡಾಕ್ಟರ ಹತ್ತಿರ ಹೋಗು, ನಾಚಿಕೆ ಬೇಡ. ಅಡುಗೆಮನೆ ಸೇರಿದವಳು ಇದನ್ನೆಲ್ಲ ಹೇಳುವುದು ನನಗೇ ಸರಿ ಕಾಣುತ್ತಿಲ್ಲ, ಆದರೂ ಬರೆದೆ.

ಮುಂದಿನ ಆಟಕ್ಕೆ ಬೇರೆ ವೇಷ ಕೇಳುತ್ತೇನೆ ಅಂದಿದ್ದೀಯ. ಕೇಳಬೇಡ. ತಾರೀಕು ತಿಳಿಸು, ರಾತ್ರಿ ಬಸ್ಸಿಗೆ ಬರುತ್ತೇನೆ. ಈ ಸಲ ಮುಂದಿನ ಸಾಲಿನಲ್ಲೇ ಕೂರುತ್ತೇನೆ. ನಿನ್ನ ಅಮ್ಮನಿಗೆ ಈ ಕಾಗದ ತೋರಿಸಬೇಡ, ನಾನೇ ನಿನ್ನ ತಲೆ ಕೆಡಿಸಿದೆ ಅಂತಾಳೆ.

ಇಂತಿ,
ನಿನ್ನ ದೊಡ್ಡಮ್ಮ