ಸ್ಪೆಕ್ಟ್ರೋಸ್ಕೋಪಿ ರಿಪೋರ್ಟಿನಲ್ಲಿ ಚೌಕದ ಚಿತ್ರವೂ ಇರಲಿ

ಮಾನ್ಯರೇ,

ಮೊನ್ನೆ ಒಬ್ಬರು ಎರಡು ರಿಪೋರ್ಟ್ ಹಿಡಿದುಕೊಂಡು ನಮ್ಮ ಎಂಆರ್‌ಐ ಕೋಣೆಯ ಬಾಗಿಲಿಗೆ ಬಂದರು. ಅವರ ತಾಯಿಗೆ ಮಿದುಳಿನಲ್ಲಿ ಗಡ್ಡೆ. ಮೂರು ತಿಂಗಳ ಹಿಂದೆ ಬೇರೆ ಊರಲ್ಲಿ ಮಾಡಿಸಿದ ಸ್ಪೆಕ್ಟ್ರೋಸ್ಕೋಪಿಯಲ್ಲಿ (ಮಿದುಳಿನ ರಾಸಾಯನಿಕಗಳನ್ನು ಅಳೆಯುವ ಎಂಆರ್‌ಐ ಪರೀಕ್ಷೆ) ಕೋಲೀನ್–ಎನ್‌ಎಎ ಅನುಪಾತ 1.9 ಇತ್ತು. ಇವೆರಡೂ ಮಿದುಳಿನ ರಾಸಾಯನಿಕಗಳು; ಗಡ್ಡೆಯಲ್ಲಿ ಸಾಮಾನ್ಯವಾಗಿ ಕೋಲೀನ್ ಏರುತ್ತದೆ, ಎನ್‌ಎಎ ಇಳಿಯುತ್ತದೆ. ನಮ್ಮಲ್ಲಿ 2.3 ಬಂದಿದೆ. ‘ಜಾಸ್ತಿ ಆಗಿದೆಯಲ್ಲಾ ಸರ್, ಗಡ್ಡೆ ಜೋರಾಗ್ತಿದೆಯಾ?’ ಅಂತ ಕೇಳಿದರು. ಸ್ಕ್ಯಾನ್ ಚಿತ್ರದಲ್ಲಿ ಗಡ್ಡೆ ಮೊದಲಿನಷ್ಟೇ ಇತ್ತು.

ಹಳೇ ಫಿಲಂ ಬೆಳಕಿಗೆ ಹಿಡಿದು ನೋಡಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು: 1.5 ಟೆಸ್ಲಾ, ಟಿಇ 135. ನಮ್ಮದು 3 ಟೆಸ್ಲಾ, ಟಿಇ 30. ಟೆಸ್ಲಾ ಅಂದರೆ ಯಂತ್ರದ ಅಯಸ್ಕಾಂತದ ಬಲ, ಟಿಇ ಅಂದರೆ ಸಿಗ್ನಲ್ ಹಿಡಿಯುವ ಮೊದಲು ಕಾಯುವ ಸಮಯ, ಮಿಲಿಸೆಕೆಂಡಿನಲ್ಲಿ. ಟಿಇ ಬದಲಾದರೆ ಅನುಪಾತವೂ ಬದಲಾಗುತ್ತದೆ. 135ರಲ್ಲಿ ಲ್ಯಾಕ್ಟೇಟ್ ಅನ್ನುವ ಇನ್ನೊಂದು ರಾಸಾಯನಿಕದ ಶಿಖರ ಗ್ರಾಫಿನಲ್ಲಿ ತಲೆಕೆಳಗಾಗಿಯೇ ಕಾಣುತ್ತದೆ! ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸೇರನ್ನೂ ಕೆ.ಜಿ.ಯನ್ನೂ ಹೋಲಿಸಿದ ಹಾಗೆ.

ಮಿದುಳಿನ ಒಂದು ತುಣುಕಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ ಅಂತ ಸೂಜಿ ಚುಚ್ಚದೆ ಅಳೆಯುವುದೇ ಈ ಪರೀಕ್ಷೆ. ಅಳೆಯಬೇಕಾದ ಜಾಗ ಗುರುತಿಸಲು ನಾವು ಪರದೆಯ ಮೇಲೆ ಚೌಕವೊಂದನ್ನು ಇಡುತ್ತೇವೆ, ಹೆಚ್ಚಾಗಿ ಎರಡು ಸೆಂ.ಮೀ. ಆಸುಪಾಸಿನದು. ಅದು ನಾಲ್ಕೈದು ಮಿ.ಮೀ. ಸರಿದರೂ ಊತವೋ ನೀರೋ ಒಳಗೆ ಸೇರುತ್ತದೆ. ಮಿದುಳಿನ ನೀರಿನ ಸಿಗ್ನಲ್ ನಮಗೆ ಬೇಕಾದ ಸಿಗ್ನಲ್‌ಗಿಂತ ಸಾವಿರಾರು ಪಟ್ಟು ದೊಡ್ಡದು. ತಮಟೆ ಸದ್ದಿನ ನಡುವೆ ಪಿಸುಮಾತು ಕೇಳಿಸಿಕೊಳ್ಳುವ ಕೆಲಸ ಇದು. ಸಾಲದ್ದಕ್ಕೆ, ಗಡಿಬಿಡಿಯ ದಿನಗಳಲ್ಲಿ ಇದನ್ನು ಎಲ್ಲದಕ್ಕಿಂತ ಕೊನೆಗೆ ಮಾಡುತ್ತೇವೆ. ಅಷ್ಟರಲ್ಲಿ ಯಂತ್ರ ಬಿಸಿಯಾಗಿ ಫ್ರೀಕ್ವೆನ್ಸಿ ಸ್ವಲ್ಪ ಸರಿದಿರುತ್ತದೆ, ರೋಗಿ ಕತ್ತು ಅಲ್ಲಾಡಿಸಲು ಶುರು ಮಾಡಿರುತ್ತಾರೆ. ತಪ್ಪು ನಮ್ಮದೂ ಇದೆ.

ಹಾಗಂತ ಪರೀಕ್ಷೆಯೇ ಸುಳ್ಳಲ್ಲ. ಒಂದೇ ಯಂತ್ರದಲ್ಲಿ, ಒಂದೇ ಜಾಗದಲ್ಲಿ ಎಚ್ಚರದಿಂದ ಮತ್ತೆ ಅಳೆದರೆ ಎನ್‌ಎಎ ಚೆನ್ನಾಗಿಯೇ ಹೊಂದುತ್ತದೆ. ಗಾಬಾ ಅನ್ನುವ ಮಿದುಳಿನ ರಾಸಾಯನಿಕ ಮಾತ್ರ ಕಷ್ಟ, ಅದು ಗ್ರಾಫಿನಲ್ಲಿ ಕ್ರಿಯಾಟಿನ್ ಅನ್ನುವ ಇನ್ನೊಂದು ರಾಸಾಯನಿಕದ ಶಿಖರದ ಕೆಳಗೆ ಅಡಗಿರುತ್ತದೆ. 2017ರಲ್ಲಿ ಪ್ರಕಟವಾದ, 24 ಕೇಂದ್ರಗಳು ಸೇರಿ ಮಾಡಿದ ಅಧ್ಯಯನದಲ್ಲಿ ಆರೋಗ್ಯವಂತರ ಗಾಬಾ ಅಳತೆಯಲ್ಲೇ ಸುಮಾರು ಶೇ 12ರಷ್ಟು ಏರುಪೇರು ಕಂಡಿತ್ತು. ಜನರ ನಡುವಿನ ಸಹಜ ವ್ಯತ್ಯಾಸವೂ ಅದರಲ್ಲಿ ಸೇರಿದೆ, ನಿಜ.

ಸ್ಕ್ಯಾನ್ ಕೇಂದ್ರಗಳಲ್ಲಿ ನನ್ನ ವಿನಂತಿ ಇಷ್ಟೇ. ಸುಮ್ನೆ ಅಂಕಿ ಬರೆದು ಕೊಡಬೇಡಿ. ಟೆಸ್ಲಾ, ಟಿಇ ದೊಡ್ಡಕ್ಷರದಲ್ಲಿ ಹಾಕಿ, ಚೌಕ ಎಲ್ಲಿಟ್ಟಿರಿ ಅನ್ನುವ ಚಿತ್ರವನ್ನೂ ಸೇರಿಸಿ. ರೋಗಿಯ ಕಡೆಯವರೂ ಅಷ್ಟೆ, ಆದಷ್ಟು ಅದೇ ಯಂತ್ರಕ್ಕೆ ಹೋಗಿ, ಹಳೇ ಸಿಡಿ ತೆಗೆದುಕೊಂಡು ಹೋಗಿ.

ಮೊನ್ನೆ ಬಂದವರ ಹತ್ತಿರ ಸಿಡಿ ಇರಲಿಲ್ಲ. ಫಿಲಂನಲ್ಲಿ ಚೌಕದ ಚಿತ್ರವೂ ಇರಲಿಲ್ಲ. ಅವರ ಪ್ರಶ್ನೆಗೆ ನಾನು ಏನೂ ಹೇಳಲಾಗಲಿಲ್ಲ.

– ಒಬ್ಬ ಎಂಆರ್‌ಐ ತಂತ್ರಜ್ಞ, ದಾವಣಗೆರೆ